ಎಂ3ರ ಕಿಟಕಿಗೆ ಒಗ್ಗುವ ವೈಡ್ ಆಂಗಲ್

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವವರ ಕಣ್ಣಿಗೂ ಲೆನ್ಸಿಗೂ ನೇರ ನಂಟಿಲ್ಲ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸ್ ಕಂಡದ್ದೇ ಕನ್ನಡಿಯ ಮೂಲಕ ಕಣ್ಣಿಗೆ ಬರುತ್ತದೆ. ಇಲ್ಲಿ ಕಣ್ಣಿಗೆ ಬೇರೆಯೇ ಒಂದು ಕಿಟಕಿ. ಲೆನ್ಸ್ ಬದಲಿಸಿದರೂ ಆ ಕಿಟಕಿಯ ನೋಟ ಬದಲಾಗುವುದಿಲ್ಲ, ಅದರೊಳಗೆ ಹೊಳೆಯುವ ಬಿಳಿ ಗೆರೆಯ ಚೌಕಟ್ಟು ಮಾತ್ರ ಬದಲಾಗುತ್ತದೆ. ಹಳೆಯ ರೇಂಜ್‌ಫೈಂಡರಿಗೆ ವೈಡ್ ಆಂಗಲ್ ಲೆನ್ಸ್ ಹುಡುಕುವವರು ಗಾಜಿನ ಗುಣ, ಅಪರ್ಚರ್, ಬೆಲೆಗಳ ಲೆಕ್ಕದಲ್ಲೇ ಮುಳುಗಿ ಈ ಕಿಟಕಿಯನ್ನು ಮರೆಯುವುದುಂಟು. ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಅದು ಹಿಡಿಯುವಷ್ಟು ಅಗಲವನ್ನು ಕಿಟಕಿ ತೋರಿಸದಿದ್ದರೆ ಚಿತ್ರದ ಅಂಚು ಊಹೆಯ ಪಾಲಾಗುತ್ತದೆ. ಲೈಕಾ ಎಂ3ರಲ್ಲಿ ಈ ತೊಡಕು ಎದ್ದು ಕಾಣುತ್ತದೆ.

ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಂಪನಿ 1954ರಲ್ಲಿ ಹೊರತಂದ ಈ ಕ್ಯಾಮೆರಾದ ವ್ಯೂಫೈಂಡರ್ ಹೊರಗಿನ ದೃಶ್ಯವನ್ನು 0.91 ಪಟ್ಟು, ಅಂದರೆ ಹೆಚ್ಚುಕಡಿಮೆ ಇದ್ದ ಗಾತ್ರದಲ್ಲೇ ತೋರಿಸುತ್ತದೆ. ಎರಡೂ ಕಣ್ಣು ತೆರೆದಿಟ್ಟುಕೊಂಡೇ ಚಿತ್ರ ತೆಗೆಯಬಹುದು. ರೇಂಜ್‌ಫೈಂಡರಿನ ಎರಡು ಕಿಂಡಿಗಳ ನಡುವಿನ ಅಂತರ 68.5 ಮಿ.ಮೀ.; ಅದನ್ನು 0.91ರಿಂದ ಗುಣಿಸಿದರೆ ಸುಮಾರು 62 ಮಿ.ಮೀ. ಫೋಕಸ್ ಎಷ್ಟು ನಿಖರವಾಗಿರುತ್ತದೆ ಎಂಬುದನ್ನು ತೀರ್ಮಾನಿಸುವ ಅಳತೆ ಇದೇ. 90 ಅಥವಾ 135 ಮಿ.ಮೀ. ಲೆನ್ಸಿನಲ್ಲಿ ಕಣ್ಣಿನ ರೆಪ್ಪೆಗೆ ಫೋಕಸ್ ಮಾಡಬೇಕಾದಾಗ ಈ ನಿಖರತೆ ಬೇಕೇ ಬೇಕು. ಆದರೆ ಕಿಟಕಿ ದೃಶ್ಯವನ್ನು ಅಷ್ಟು ದೊಡ್ಡದಾಗಿ ತೋರಿಸುವುದರಿಂದ ಅದರೊಳಗೆ ಹಿಡಿಸುವ ಅಗಲ ಕಡಿಮೆ. 50, 90 ಮತ್ತು 135 ಮಿ.ಮೀ.ಗಳಿಗಷ್ಟೇ ಚೌಕಟ್ಟುಗಳಿವೆ, 35ಕ್ಕೆ ಇಲ್ಲ. ಮಾಮೂಲಿ 35 ಮಿ.ಮೀ. ಲೆನ್ಸನ್ನು ಎಂ3ಕ್ಕೆ ತೊಡಿಸಿದರೆ ಆಗುವುದು ತಮಾಷೆಯ ಸಂಗತಿ: ಕಿಟಕಿಯಲ್ಲಿ 135ರ ಚೌಕಟ್ಟು ಮೂಡುತ್ತದೆ. ಅಗಲ ಬೇಕೆಂದವರ ಮುಂದೆ ನಡುಮಧ್ಯದ ಪುಟ್ಟ ಆಯತ!

ವೈಡ್ ಆಂಗಲ್ಲಿಗೆ ಎಂ3 ತಕ್ಕ ಬಾಡಿಯಲ್ಲ ಎನ್ನಲು ಇನ್ನೂ ಒಂದು ಕಾರಣವಿದೆ. ಈ ಕ್ಯಾಮೆರಾದ ಹೆಚ್ಚುಗಾರಿಕೆ ಇರುವುದೇ ಫೋಕಸ್ಸಿನ ನಿಖರತೆಯಲ್ಲಿ; ವೈಡ್ ಲೆನ್ಸಿಗೆ ಅಷ್ಟು ನಿಖರತೆ ಬೇಕಿಲ್ಲ. 28 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ ಇಳಿಸಿ 3.3 ಮೀಟರಿಗೆ ಫೋಕಸ್ ಇಟ್ಟರೆ ಸುಮಾರು 1.6 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. 21 ಮಿ.ಮೀ. ಆದರೆ 1.8 ಮೀಟರಿಗೆ ಇಟ್ಟು ಮರೆತುಬಿಡಬಹುದು, ಒಂದು ಮೀಟರಿನ ಒಳಗಿನಿಂದಲೇ ಸ್ಪಷ್ಟತೆ ಸಿಗುತ್ತದೆ. ಎಂ3ಕ್ಕೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ಯಾವ ಗುಣಕ್ಕೆ ಸಂದಿದೆಯೋ ಅದು ಇಲ್ಲಿ ಕೆಲಸಕ್ಕೇ ಬರುವುದಿಲ್ಲ.

ಈ ಕೊರತೆ ಲೈಟ್ಸ್‌ನವರಿಗೂ ಗೊತ್ತಿತ್ತು. ಮೊದಮೊದಲು 35 ಮಿ.ಮೀ. ಸುಮರಾನ್ ಲೆನ್ಸಿಗೆ ಕ್ಯಾಮೆರಾದ ನೆತ್ತಿಯ ಮೇಲೆ ಸಿಕ್ಕಿಸುವ ಬೇರೆ ಫೈಂಡರ್ ಬೇಕಿತ್ತು. ಆಮೇಲೆ ಲೆನ್ಸಿಗೇ ‘ಕನ್ನಡಕ’ ತೊಡಿಸಿದರು. ಲೆನ್ಸಿನ ಮೇಲೆ ಅಂಟಿಕೊಂಡಿರುವ ಈ ಎರಡು ಗಾಜುಗಳು ವ್ಯೂಫೈಂಡರ್ ಮತ್ತು ರೇಂಜ್‌ಫೈಂಡರ್ ಕಿಂಡಿಗಳ ಎದುರು ನಿಂತು ದೃಶ್ಯವನ್ನು ಕುಗ್ಗಿಸುತ್ತವೆ. 50ರ ಚೌಕಟ್ಟಿನೊಳಗೆ 35ರ ನೋಟ ಬಂದು ಕೂರುತ್ತದೆ. ಸುಮರಾನ್, ಸುಮಿಕ್ರಾನ್, ಸುಮಿಲಕ್ಸ್ ಮೂರರಲ್ಲೂ ಕನ್ನಡಕದ ಮಾದರಿಗಳಿವೆ. ಉಪಾಯ ಜಾಣತನದ್ದು. 0.65 ಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಆಗುತ್ತದೆ, ಫೋಕಸ್ ಮಾಡುವುದೂ ಚೌಕಟ್ಟು ನೋಡುವುದೂ ಒಂದೇ ಕಿಟಕಿಯಲ್ಲಿ ಮುಗಿಯುತ್ತದೆ. ಆದರೆ ಪುಟ್ಟ ಲೆನ್ಸೊಂದು ದೊಡ್ಡದಾದ, ಚೀಲದಲ್ಲಿ ಎಲ್ಲದಕ್ಕೂ ತಗಲುವ ವಸ್ತುವಾಗುತ್ತದೆ. ಹೆಚ್ಚುವರಿ ಗಾಜಿನಿಂದಾಗಿ ಕಿಟಕಿ ಕೊಂಚ ಮಂಕು. ಎದುರು ಬೆಳಕಿದ್ದರೆ ಮತ್ತಷ್ಟು. ಎಂ3ರ ಹೆಮ್ಮೆಯಾದ ಆ ದೊಡ್ಡ ನೋಟವೂ ಕುಗ್ಗುತ್ತದೆ. ಇಷ್ಟಾದರೂ ಕನ್ನಡಕದ ಲೆನ್ಸುಗಳು ಬರಿಯ ಲೆನ್ಸುಗಳಿಗಿಂತ ಸಾಮಾನ್ಯವಾಗಿ ಅಗ್ಗಕ್ಕೆ ಸಿಗುತ್ತವೆ, ಗಾಜಿನ ಗುಣದಲ್ಲಿ ಕಡಿಮೆಯೇನಲ್ಲ. 50 ಮಿ.ಮೀ.ಯಲ್ಲೇ ಹೆಚ್ಚು ಕೆಲಸ ಮಾಡಿ ಅಪರೂಪಕ್ಕೆ 35 ಬಳಸುವ ಎಂ3 ಒಡೆಯರಿಗೆ ಎಫ್ 2.8ರ ಕನ್ನಡಕದ ಸುಮರಾನ್ ಬುದ್ಧಿವಂತರ ಆಯ್ಕೆ.

1958ರ ಎಂಟು ಗಾಜಿನ ಸುಮಿಕ್ರಾನ್ ಬಗ್ಗೆ ಇರುವ ಹೊಗಳಿಕೆಯನ್ನು ಇಲ್ಲಿ ಸ್ವಲ್ಪ ತೂಗಿ ನೋಡಬೇಕು. ಅದು ಒಳ್ಳೆಯ ಲೆನ್ಸ್, ಸಂದೇಹವಿಲ್ಲ. ಆದರೆ ಎಫ್ 5.6ಕ್ಕೆ ಇಳಿಸಿದ ಮೇಲೆ ಅದರ ಚಿತ್ರವನ್ನೂ ಸುಮರಾನಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಬೇರೆ ಮಾಡುವುದು ಕಷ್ಟ. ಎರಡರ ಬೆಲೆಯ ನಡುವಿನ ಅಂತರವನ್ನು ತುಂಬಿರುವುದು ಬೆಳಕಿನ ಒಂದು ಸ್ಟಾಪ್ ಮಾತ್ರವಲ್ಲ, ಸಂಗ್ರಹಕಾರರ ಹಂಬಲ ಕೂಡ. 1961ರ ಎಫ್ 1.4ರ ಸುಮಿಲಕ್ಸ್ ಪೂರ್ತಿ ತೆರೆದಾಗ ದೀಪಗಳ ಸುತ್ತ ಮಂಜು ಕವಿದಂತಾಗುತ್ತದೆ. ಅದನ್ನು ಇಷ್ಟಪಡುವವರಿದ್ದಾರೆ, ಆದರೆ ಆ ಇಷ್ಟಕ್ಕೆ ತೆರಬೇಕಾದ ಬೆಲೆ ದೊಡ್ಡದು.

35ಕ್ಕಿಂತ ಅಗಲಕ್ಕೆ ಹೋದರೆ ಸಮಸ್ಯೆ ವಿಚಿತ್ರವಾಗಿ ಸಲೀಸಾಗುತ್ತದೆ. 28ಕ್ಕೂ 21ಕ್ಕೂ ಆ ಕಾಲದ ಯಾವ ಲೈಕಾದಲ್ಲೂ ಚೌಕಟ್ಟಿರಲಿಲ್ಲ. 28ರ ಗೆರೆ ಬಂದದ್ದು ಬಹಳ ತಡವಾಗಿ, ಎಂ4-ಪಿ ಮಾದರಿಯಲ್ಲಿ. ಹೊರಗಿನ ಫೈಂಡರ್ ಹೇಗೂ ಬೇಕೇ ಬೇಕು ಎಂದಮೇಲೆ ಎಂ3 ಉಳಿದ ಬಾಡಿಗಳಿಗೆ ಸಮ. ಬರಿಗಣ್ಣಿನ ಅಂದಾಜಿನಿಂದ ದೂರ ನಿಗದಿಮಾಡಿ, ನೆತ್ತಿಯ ಫೈಂಡರಿನಲ್ಲಿ ಚೌಕಟ್ಟು ನೋಡಿ ಒತ್ತಿದರೆ ಆಯಿತು. ಹೊರಗಿನ ಫೈಂಡರುಗಳ ನೋಟವಂತೂ ಕ್ಯಾಮೆರಾದ ಕಿಟಕಿಗಿಂತ ತಿಳಿ. ಒಂದು ಎಚ್ಚರ: ಫೈಂಡರ್ ಲೆನ್ಸಿಗಿಂತ ಕೆಲವು ಸೆಂಟಿಮೀಟರ್ ಮೇಲಿರುವುದರಿಂದ ಹತ್ತಿರದ ವಸ್ತುಗಳ ತಲೆ ಕತ್ತರಿಸಿಹೋಗುವ ಸಂಭವವಿದೆ. ಒಂದು ಮೀಟರಿನ ಒಳಗೆ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆತ್ತುವುದು ರೂಢಿಯಾಗಬೇಕು.

ರೇಂಜ್‌ಫೈಂಡರಿನ ನಿಜವಾದ ಲಾಭ ಕಾಣುವುದೂ ಇಲ್ಲಿಯೇ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೇಳಲು ಜಾಗ ಬಿಡಬೇಕು. ನಿಕಾನ್ ಎಫ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲಂಗೆ 46.5 ಮಿ.ಮೀ. ದೂರ, ಲೈಕಾ ಎಂನಲ್ಲಿ 27.8 ಮಾತ್ರ, ನಡುವೆ ಕನ್ನಡಿಯೂ ಇಲ್ಲ. ಹಾಗಾಗಿ ಲೆನ್ಸಿನ ಹಿಂಬದಿ ಫಿಲಂನ ಹತ್ತಿರಕ್ಕೆ ಇಳಿಯಬಹುದು, ಮುಂದೆ ಹಿಂದೆ ಸಮತೂಕದ ರಚನೆ ಸಾಧ್ಯವಾಗುತ್ತದೆ. ಲುಡ್ವಿಗ್ ಬರ್ಟೆಲೆ ಝೈಸ್‌ಗಾಗಿ ರೂಪಿಸಿದ ಬಯೋಗಾನ್ ಈ ದಾರಿಯ ಹಿರಿಯ. ಶ್ನೈಡರ್ ಕಂಪನಿ ಲೈಟ್ಸ್‌ಗೆ ಮಾಡಿಕೊಟ್ಟ 21 ಮಿ.ಮೀ. ಸೂಪರ್ ಆಂಗುಲಾನ್ ಕೂಡ ಅದೇ ದಾರಿಯದು. ಮೊದಲು 1958ರಲ್ಲಿ ಎಫ್ 4, ನಂತರ 1963ರಲ್ಲಿ ಎಫ್ 3.4. ಕಟ್ಟಡದ ಅಂಚು, ಕಂಬದ ಸಾಲು ಇದರಲ್ಲಿ ನೆಟ್ಟಗೆ ನಿಲ್ಲುತ್ತವೆ. ಇದಕ್ಕೆ ತೆರುವ ಬೆಲೆ ಮೂಲೆಗಳ ಕತ್ತಲು: ಓರೆಯಾಗಿ ಬೀಳುವ ಬೆಳಕಿನ ನಿಯಮದಂತೆ 21ರ ಮೂಲೆಗೆ ನಡುವಿನ ಬೆಳಕಿನ ಕಾಲು ಭಾಗದಷ್ಟೇ ತಲುಪಬೇಕು, ರಚನೆಯ ಜಾಣ್ಮೆ ಇದನ್ನು ಒಂದಷ್ಟು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಕಪ್ಪು ಬಿಳುಪಿನಲ್ಲಿ ಇದು ದೋಷವೆನಿಸದು. ಕ್ಯಾಮೆರಾದೊಳಗೆ ಮೀಟರ್ ಇರುವ ಬಾಡಿಗಳಲ್ಲಿ ಆಳಕ್ಕಿಳಿದ ಈ ಹಿಂಗಾಜು ಬೆಳಕಿನ ಅಳತೆಗೆ ಅಡ್ಡಬರುತ್ತದೆ. ಮೀಟರೇ ಇಲ್ಲದ ಎಂ3ಕ್ಕೆ ಆ ಚಿಂತೆಯೂ ಇಲ್ಲ.

ಲೈಕಾದ ಹೆಸರೇ ಬೇಕೆನ್ನದವರಿಗೆ ದಾರಿಗಳು ಹಲವು. ಹಳೆಯ ಸ್ಕ್ರೂ ಲೆನ್ಸುಗಳಿಗೆ ಫಿಲಂನಿಂದ ಬೇಕಾದ ದೂರ 28.8 ಮಿ.ಮೀ. ಆದ್ದರಿಂದ ಒಂದು ಮಿ.ಮೀ. ದಪ್ಪದ ಬಳೆ ಹಾಕಿದರೆ ಅವು ಎಂ3ಕ್ಕೆ ಕರಾರುವಾಕ್ಕಾಗಿ ಕೂರುತ್ತವೆ. ಸೋವಿಯತ್ ಒಕ್ಕೂಟದ ಜುಪಿಟರ್-12 ಬಯೋಗಾನಿನ ನಕಲು, ಎಫ್ 2.8ರ 35 ಮಿ.ಮೀ.; ಚಿತ್ರ ಚೆನ್ನ, ಆದರೆ ಅಪರ್ಚರ್ ಉಂಗುರ ಮುಂಗಾಜಿನ ಸುತ್ತ ಒಳಗೆ ಅಡಗಿರುವುದರಿಂದ ಬೆರಳಿಗೆ ಸಿಗುವುದು ಕಷ್ಟ, ಹಿಂಗಾಜು ಉಬ್ಬಿಕೊಂಡು ಒಳಗೆ ಬಹಳ ದೂರ ಹೋಗುವುದರಿಂದ ಎಲ್ಲ ಬಾಡಿಗಳಿಗೂ ಒಗ್ಗದು. ತಯಾರಿಕೆಯಲ್ಲಿ ಒಂದರಂತೆ ಒಂದಿಲ್ಲ. ಕೆನಾನಿನ ಸ್ಕ್ರೂ ಲೆನ್ಸುಗಳು ಹೆಚ್ಚು ನಂಬಿಕೆಯವು. ಎಲ್ಲಕ್ಕಿಂತ ವ್ಯವಹಾರಸ್ಥರ ಆಯ್ಕೆ ಎಂದರೆ ಜಪಾನಿನ ಕೊಸಿನಾ ಕಂಪನಿ 1999ರಿಂದ ಫೊಯ್ಕ್‌ಲೆಂಡರ್ ಹೆಸರಿನಲ್ಲಿ ಹೊರತಂದ ಲೆನ್ಸುಗಳು. 21 ಮಿ.ಮೀ. ಎಫ್ 4ರ ಕಲರ್ ಸ್ಕೋಪರ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಹೊಸ ಲೇಪನದ ಗಾಜು. ಸೂಪರ್ ಆಂಗುಲಾನಿನ ವರ್ಚಸ್ಸಿಲ್ಲ, ತಲೆನೋವೂ ಇಲ್ಲ.

ಒಟ್ಟಿನಲ್ಲಿ ಎಂ3ಕ್ಕೆ 21 ಅಥವಾ 28, ಹೊರಗಿನ ಫೈಂಡರ್ ಸಮೇತ, ಚೆನ್ನಾಗಿ ಒಗ್ಗುತ್ತದೆ; 35 ಅರ್ಧಮನಸ್ಸಿನ ಸಂಬಂಧ. 35ನ್ನೇ ದಿನಬಳಕೆಗೆ ಇಟ್ಟುಕೊಳ್ಳಬೇಕೆಂದಿರುವವರು ಲೆನ್ಸ್ ಹುಡುಕುವ ಮುಂಚೆ ಬಾಡಿ ಬದಲಿಸಬೇಕು. ಲೈಟ್ಸ್ ಕಂಪನಿಯೇ ಎಂ3ರ ಹಿಂದೆಯೇ 0.72 ಪಟ್ಟಿನ ಕಿಟಕಿಯ, 35ರ ಗೆರೆಯಿರುವ ಎಂ2 ತಂದದ್ದು ಸುಮ್ಮನೆ ಅಲ್ಲ.

ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸುಗಳಲ್ಲಿ ಫಂಗಸ್ ಸಾಮಾನ್ಯ. ಕೊಳ್ಳುವ ಮುನ್ನ ಅಪರ್ಚರ್ ಪೂರ್ತಿ ತೆರೆದು ಟಾರ್ಚ್ ಬಿಟ್ಟು ಒಳಗಾಜುಗಳನ್ನು ನೋಡಬೇಕು. ಕನ್ನಡಕದ ಲೆನ್ಸಾದರೆ ಕ್ಯಾಮೆರಾಕ್ಕೆ ತೊಡಿಸಿ, ದೂರದ ಗೋಪುರ ಅಥವಾ ಕಂಬದ ಎರಡು ಬಿಂಬಗಳು ಅನಂತದಲ್ಲಿ ಒಂದಾಗುತ್ತವೆಯೇ, ಮೇಲೆ ಕೆಳಗೆ ಜಾರಿಲ್ಲವೇ ಎಂದು ಪರೀಕ್ಷಿಸಬೇಕು. ಕನ್ನಡಕ ಕಳಚಿ ಮಾರುವ ಲೆನ್ಸುಗಳೂ ಇವೆ. ಅವುಗಳ ಫೋಕಸ್ ಯಂತ್ರವನ್ನು ಕನ್ನಡಕಕ್ಕೆ ಹೊಂದಿಸಿಯೇ ಮಾಡಿರುವುದರಿಂದ ರೇಂಜ್‌ಫೈಂಡರ್ ತೋರಿಸುವ ದೂರ ಒಂದು, ಫಿಲಂ ಮೇಲೆ ಸ್ಪಷ್ಟವಾಗುವ ದೂರ ಇನ್ನೊಂದು. ಅಂಥವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.