‘ತೊತ್ತೊ-ಚಾನ್’ ಮತ್ತು ಮಗುವಿನ ಅವಮಾನ

ಜಪಾನಿನ ತೆತ್ಸುಕೊ ಕುರೊಯಾನಾಗಿ ಅವರು ತಮ್ಮ ಬಾಲ್ಯದ ಶಾಲೆಯನ್ನು ಕುರಿತು 1981ರಲ್ಲಿ ಪ್ರಕಟಿಸಿದ ‘ತೊತ್ತೊ-ಚಾನ್’ ಕನ್ನಡಕ್ಕೂ ಬಂದಿದೆ. ಅದನ್ನು ಮಕ್ಕಳ ತುಂಟತನದ ಕಥೆಯೆಂದು ಓದಿ, ನಕ್ಕು, ಮುಚ್ಚಿಡುವವರೇ ಹೆಚ್ಚು. ಅದರೊಳಗೆ ಅವಮಾನದ ವಿಚಾರವೊಂದು ಅಡಗಿದೆ. ಅದನ್ನು ತಮ್ಮ ಮುಂದಿಡಬಯಸುತ್ತೇನೆ.

ತೊಮೊಎ ಶಾಲೆಯಲ್ಲಿ ತಾಕಾಹಾಶಿ ಎಂಬ ಬಾಲಕನಿದ್ದನು. ಅವನ ದೇಹದ ಬೆಳವಣಿಗೆ ನಿಂತುಹೋಗಿತ್ತು. ಮನುಷ್ಯನಿಗೆ ಹಿಂದೊಮ್ಮೆ ಬಾಲವಿದ್ದ ಸಂಗತಿಯನ್ನು ಹೇಳುತ್ತಿದ್ದ ಅಧ್ಯಾಪಕಿಯು, ನಿನಗಿನ್ನೂ ಬಾಲ ಉಳಿದಿದೆಯೇ ಎಂದು ಅವನನ್ನು ಕೇಳಿದಳು. ಕೇಡಿನ ಉದ್ದೇಶವಿರಲಿಲ್ಲ, ಬರಿಯ ವಿನೋದ. ಮುಖ್ಯೋಪಾಧ್ಯಾಯ ಕೊಬಾಯಾಶಿಯವರಿಗೆ ಅದು ಅಸಹನೀಯವಾಯಿತು. ಆ ಮಾತಿನಿಂದ ಹುಡುಗನ ಮನಸ್ಸಿಗೆ ಏನಾಗಿರಬಹುದೆಂದು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದರು. ಆದರೆ ಎಲ್ಲಿ? ಇತರ ಅಧ್ಯಾಪಕರು ಕೂಡುವ ಕೊಠಡಿಯಲ್ಲಲ್ಲ, ಅಡುಗೆಮನೆಯಲ್ಲಿ. ಅವಮಾನ ಮಾಡಿದವಳಿಗೂ ಅವಮಾನವಾಗಬಾರದೆಂಬ ಈ ಎಚ್ಚರವೇ ಕೃತಿಯ ತಿರುಳೆಂದು ನನ್ನ ಭಾವನೆ. ನಾವಾದರೋ ಕಾಟ ಕೊಟ್ಟ ಹುಡುಗನನ್ನು ಪ್ರಾರ್ಥನೆಯ ಸಾಲಿನೆದುರು ನಿಲ್ಲಿಸಿ ಹೀಯಾಳಿಸುತ್ತೇವೆ. ಕಾಟ ಕೊಡುವುದು ಹೇಗೆಂಬುದನ್ನು ಅವನಿಗೆ ಮತ್ತೊಮ್ಮೆ ಕಲಿಸಿದಂತಾಗುತ್ತದೆ.

ಮಸಾವೊ ಎಂಬ ಕೊರಿಯದ ಬಾಲಕನ ಪ್ರಸಂಗವು ಇನ್ನೂ ಮಾರ್ಮಿಕವಾದುದು. ಅವನು ತೊತ್ತೊ-ಚಾನಳನ್ನು ಕಂಡು ‘ಕೊರಿಯದವಳೇ’ ಎಂದು ಕೂಗುತ್ತಾನೆ. ಇತರರು ತನ್ನನ್ನು ಹಾಗೆ ಜರೆಯುವುದನ್ನು ಕೇಳಿ ಕೇಳಿ, ತನ್ನವರ ಹೆಸರನ್ನೇ ಬೈಗಳೆಂದು ಅವನು ತಿಳಿದಿದ್ದನು. ಜಾತಿಯ ಹೆಸರೇ ಬೈಗಳಾಗಿರುವ ನಮ್ಮ ಊರುಗಳಲ್ಲಿ ಇದಕ್ಕೆ ಟಿಪ್ಪಣಿ ಬೇಕಿಲ್ಲ.

ಆದರೂ ಕೃತಿಗೊಂದು ಮಿತಿಯುಂಟು. ತೊತ್ತೊ-ಚಾನ್ ಮಾತುಗಾರ್ತಿ, ಮೊದಲ ದಿನವೇ ಮುಖ್ಯೋಪಾಧ್ಯಾಯರು ನಾಲ್ಕು ಗಂಟೆ ಕಾಲ ಅವಳ ಮಾತನ್ನು ಆಲಿಸಿದರು. ಬಾಯಿ ಬಿಡದ ಮಗುವಿನ ಗತಿಯೇನು? ತನ್ನನ್ನು ತಾನೇ ಗಾಯಗೊಳಿಸಿಕೊಂಡು ತುಂಬುತೋಳಿನ ಅಂಗಿಯಲ್ಲಿ ಅದನ್ನು ಮರೆಸುವ ಮಗು ಈ ಪುಟಗಳಲ್ಲಿಲ್ಲ. ಅದೇ ಜಪಾನಿನ ಓತ್ಸು ನಗರದಲ್ಲಿ, 2011ರಲ್ಲಿ, ಸಹಪಾಠಿಗಳ ಕಾಟಕ್ಕೊಳಗಾದ 13 ವರ್ಷದ ಬಾಲಕನು ಪ್ರಾಣ ಕಳೆದುಕೊಂಡನು. 2013ರಲ್ಲಿ ಅಲ್ಲಿ ಶಾಲಾ ಪೀಡನೆಯ ತಡೆಗೆ ಶಾಸನ ಬಂದಿತು.

ತೊಮೊಎಯಲ್ಲಿದ್ದ ಮಕ್ಕಳು ಸುಮಾರು 50. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ನೂರಾರು. ಅಷ್ಟು ಮಂದಿಯ ಮಾತನ್ನು ಒಬ್ಬರೇ ಕೇಳಲಾರರು, ನಿಜ. ಆದರೆ ಎರಡು ಹೊತ್ತು ಊಟ ಬಿಟ್ಟವನಾರು, ಪಂಕ್ತಿಯ ಕೊನೆಯಲ್ಲಿ ಒಬ್ಬಂಟಿಯಾಗಿ ಕುಳಿತವನಾರು ಎಂಬುದು ಬಡಿಸುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಂಡುದನ್ನು ಅವರು ಯಾರಿಗೆ ಹೇಳಬೇಕು? ಮನಸ್ಸು ನೊಂದವರಿಗಾಗಿ ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಉಚಿತ ದೂರವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ತಮ್ಮೂರಿನ ನಿಲಯದ ಗೋಡೆಯ ಮೇಲೆ ಅದನ್ನು ಬರೆದಿದ್ದಾರೆಯೇ ಎಂದು ಒಮ್ಮೆ ಹೋಗಿ ನೋಡಿರಿ.