ಮುಂದಿನ ಬ್ರೇಕಿನ ಭಯ

ನನಗೆ ಗಾಡಿ ಕಲಿಸಿದ್ದು ಅಪ್ಪ. ಕ್ಲಚ್ಚು, ಗೇರು ಹೇಳಿಕೊಡುವ ಮೊದಲೇ ಅವರು ಹೇಳಿದ್ದು ಒಂದೇ ಮಾತು: "ಮುಂದಿನ ಬ್ರೇಕ್ ಮುಟ್ಬೇಡ ಕಣೋ, ಮಗುಚ್ಕೊಂಡು ಬೀಳ್ತೀಯ." ಅವರ ಕಾಲದ ಗಾಡಿಗಳಿಗೆ ಈ ಮಾತು ತೀರಾ ತಪ್ಪೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಯಾಗಲಿ, ಆಮೇಲೆ ಹುಡುಗರ ನಿದ್ದೆಗೆಡಿಸಿದ ಆರ್‌ಎಕ್ಸ್ 100 ಆಗಲಿ, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಮುಂದಿನದನ್ನು ಹಿಡಿದರೆ ಒಂದು ಸಲ ಏನೂ ಆಗುತ್ತಿರಲಿಲ್ಲ, ಇನ್ನೊಂದು ಸಲ ಥಟ್ಟನೆ ಕಚ್ಚಿಕೊಳ್ಳುತ್ತಿತ್ತು. ಮಣ್ಣುರಸ್ತೆಯ ಊರುಗಳಲ್ಲಿ ಈ ಆಟ ಯಾರಿಗೆ ಬೇಕು? ಎಲ್ಲರೂ ಕಾಲಿನಲ್ಲೇ ಗಾಡಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡರು.

ಗಾಡಿಗಳು ಬದಲಾದವು, ಆ ಮಾತು ಬದಲಾಗಲಿಲ್ಲ. 1999ರಲ್ಲಿ ಸಿಬಿಝಡ್ ಬಂದಾಗ ಮುಂದಿನ ಚಕ್ರದ ಡಿಸ್ಕ್ ಬ್ರೇಕ್ ನೋಡಲೆಂದೇ ಶೋರೂಮಿಗೆ ಹೋದವರಿದ್ದರು. ಡಿಸ್ಕಿಗೆ ಹೆಚ್ಚು ದುಡ್ಡು ಕೊಟ್ಟು ಗಾಡಿ ತಂದ ನನ್ನ ಗೆಳೆಯರಲ್ಲಿ ಅರ್ಧ ಜನ ರಸ್ತೆಯಲ್ಲಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮೋಟರ್‌ಸೈಕಲ್ಲಿಗೆ ಎಬಿಎಸ್, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ಬೇಕೇ, ಅದಕ್ಕೆ ಕೊಡುವ ದುಡ್ಡಿಗೆ ತಕ್ಕ ಬೆಲೆ ಇದೆಯೇ ಎಂಬ ಪ್ರಶ್ನೆಯನ್ನು ನಾನು ಈ ಭಯದಿಂದಲೇ ಶುರು ಮಾಡುತ್ತೇನೆ. ಕಂಪನಿಯವರ ಕರಪತ್ರ ಎಲ್ಲಿಂದಲಾದರೂ ಶುರು ಮಾಡಿಕೊಳ್ಳಲಿ.

ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಫೋರ್ಕು ಕುಗ್ಗುವುದು, ಹಿಂದೆ ಕೂತವರು ನಮ್ಮ ಬೆನ್ನಿಗೆ ಬಂದು ಒರಗುವುದು ಅದಕ್ಕೇ. ಭಾರ ಬಿದ್ದ ಚಕ್ರಕ್ಕೆ ನೆಲದ ಹಿಡಿತ ಹೆಚ್ಚು. ಹಗುರಾದ ಹಿಂದಿನ ಚಕ್ರ ಸ್ವಲ್ಪ ತುಳಿದರೂ ಜಾರುತ್ತದೆ. ಬಿರುಸಾಗಿ ನಿಲ್ಲಿಸುವಾಗ ಮುಕ್ಕಾಲು ಪಾಲು ಕೆಲಸ ಮುಂದಿನ ಬ್ರೇಕಿನದೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಒಣ ಡಾಂಬರಿನ ಮೇಲೆ ಎರಡನ್ನೂ ಸರಿಯಾಗಿ ಹಿಡಿದವನು ಸುಮಾರು 18 ಮೀಟರಿನಲ್ಲಿ ನಿಲ್ಲುತ್ತಾನೆ. ಹಿಂದಿನದನ್ನಷ್ಟೇ ತುಳಿದವನಿಗೆ 40 ಮೀಟರ್ ಬೇಕು. ಇದನ್ನೇ ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ: ಮೊದಲನೆಯವನು ನಿಂತುಬಿಟ್ಟ ಜಾಗಕ್ಕೆ ಎರಡನೆಯವನು ಇನ್ನೂ 45ರ ವೇಗದಲ್ಲಿ ಬಂದು ಗುದ್ದುತ್ತಾನೆ. ಅಪ್ಪನ ಮಾತು ಕೇಳಿ ಬೆಳೆದ ನಾವೆಲ್ಲ ಈ ಎರಡನೆಯವರು.

ಹಾಗೆಂದು ಭಯ ಸುಳ್ಳಲ್ಲ. ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಬಾಲ ಆಡಿಸುತ್ತದೆ, ಸಾವರಿಸಿಕೊಳ್ಳಲು ಒಂದಿಷ್ಟು ಹೊತ್ತು ಕೊಡುತ್ತದೆ. ಮುಂದಿನ ಚಕ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಎರಡು ಚಕ್ರದ ಗಾಡಿ ಬೀಳದೆ ಹೋಗುವುದೇ ಮುಂದಿನ ಚಕ್ರ ಉರುಳುತ್ತ, ನಮಗೆ ಗೊತ್ತಾಗದಷ್ಟು ಅತ್ತಿತ್ತ ತಿರುಗುತ್ತ, ಸಮತೋಲವನ್ನು ಕ್ಷಣಕ್ಷಣಕ್ಕೂ ಸರಿಪಡಿಸಿಕೊಳ್ಳುವುದರಿಂದ. ಅದು ಉರುಳುವುದನ್ನು ನಿಲ್ಲಿಸಿತೋ, ಹ್ಯಾಂಡಲ್ ಹಿಡಿದಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ನಾನು ಬಿದ್ದದ್ದು ನಾಗಮಂಗಲದ ಕಡೆಯ ಒಂದು ರಸ್ತೆಯಲ್ಲಿ, ಸುಗ್ಗಿಯ ದಿನಗಳಲ್ಲಿ. ತಿರುವು ದಾಟಿದರೆ ರಸ್ತೆಯ ತುಂಬ ಹುರುಳಿ ಹರಡಿದ್ದಾರೆ. ಲಾರಿ ಬಸ್ಸುಗಳೇ ಕಣದ ಎತ್ತುಗಳು! ಒಣಗಿದ ಹುರುಳಿಬಳ್ಳಿಯ ಮೇಲೆ ಚಕ್ರ ಹತ್ತುವುದೂ ನನ್ನ ಬಲಗೈ ಗಾಬರಿಯಿಂದ ಬಿಗಿಯುವುದೂ ಒಟ್ಟಿಗೇ ಆಯಿತು. ಮುಂದಿನ ಬ್ರೇಕ್ ಮುಟ್ಟಬಾರದೆಂದು ಇಪ್ಪತ್ತು ವರ್ಷ ಕಲಿತ ಕೈ ಅದು, ಆದರೂ ಮುಟ್ಟಿತು. ಬಿದ್ದಿದ್ದು ಹೇಗೆಂದು ನೆನಪಿಲ್ಲ. ಹುರುಳಿಯ ನಡುವೆ ಕೂತು ಮೊಣಕೈ ನೋಡಿಕೊಳ್ಳುತ್ತಿದ್ದದ್ದಷ್ಟೇ ನೆನಪಿದೆ. ಒಬ್ಬ ಅಜ್ಜಿ ಮೊರ ಕೆಳಗಿಟ್ಟು ಬಂದು, "ನಿಧಾನಕ್ ಬರ್ಬಾರ್ದಾ ಮಗ" ಎಂದು ನೀರು ಕೊಟ್ಟಳು. ರಸ್ತೆಯಲ್ಲಿ ಹುರುಳಿ ಹರಡಿದ್ದು ತಪ್ಪು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ, ಅವಳು ಕೊಟ್ಟ ನೀರು ಕುಡಿಯುತ್ತಿದ್ದೆನಲ್ಲ.

ಗಾಬರಿಯಾದ ಕೈ ಬಿಗಿಯುತ್ತದೆ. ಅದಕ್ಕೆ ಬುದ್ಧಿ ಹೇಳಲು ಸಮಯವಿರುವುದಿಲ್ಲ. ಎಬಿಎಸ್ ಮಾಡುವ ಕೆಲಸವೆಂದರೆ, ಆ ಕೈ ಬಿಗಿಯಾಗಿಯೇ ಹಿಡಿದುಕೊಂಡಿರಲಿ ಎಂದು ಬಿಟ್ಟು, ಒಳಗೊಳಗೇ ಹಿಡಿತ ಸಡಿಲಿಸುವುದು. ಚಕ್ರದ ಪಕ್ಕದಲ್ಲಿ ಹಲ್ಲುಗಳಿರುವ, ಇಲ್ಲವೇ ತೂತುಗಳಿರುವ ಒಂದು ಬಳೆ, ಅದರ ಎದುರು ಒಂದು ಸೆನ್ಸರ್. ಗಾಡಿ ಇನ್ನೂ ಓಡುತ್ತಿರುವಾಗಲೇ ಚಕ್ರ ತಟ್ಟನೆ ನಿಧಾನವಾಗುತ್ತಿದೆಯೆಂದು ಕಂಡರೆ ವಾಲ್ವ್ ತೆರೆದು ಬ್ರೇಕ್ ಆಯಿಲಿನ ಒತ್ತಡ ಇಳಿಸುತ್ತದೆ. ಚಕ್ರ ಮತ್ತೆ ಉರುಳಿದ ಕೂಡಲೇ ಒತ್ತಡ ಏರಿಸುತ್ತದೆ. ಒಂದು ಸೆಕೆಂಡಿನೊಳಗೆ ಹಲವು ಬಾರಿ ಹೀಗೆ ಬಿಟ್ಟು ಹಿಡಿದು ನಡೆಯುತ್ತದೆ.

ಇದು ಹೊಸ ಬುದ್ಧಿಯೇನಲ್ಲ. 1958ರಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾ ಪ್ರಯೋಗಾಲಯದವರು ವಿಮಾನದ ಚಕ್ರಗಳಿಗೆಂದು ಡನ್‌ಲಪ್ ಮಾಡಿದ್ದ ಮ್ಯಾಕ್ಸರೆಟ್ ಎಂಬ ಸಾಧನವನ್ನು ಒಂದು ರಾಯಲ್ ಎನ್‌ಫೀಲ್ಡ್ ಸೂಪರ್ ಮಿಟಿಯರ್‌ಗೆ ಕೂರಿಸಿ ನೋಡಿದರು. ಲಾಕ್ ಆದ ಚಕ್ರಕ್ಕೆ ಹೋಲಿಸಿದರೆ, ಜಾರುವ ನೆಲದಲ್ಲಿ ನಿಲ್ಲುವ ದೂರ ಶೇಕಡಾ 30ರವರೆಗೂ ಕಡಿಮೆಯಾಯಿತು. ಆದರೆ ಎನ್‌ಫೀಲ್ಡಿನ ಅಂದಿನ ತಾಂತ್ರಿಕ ನಿರ್ದೇಶಕ ಟೋನಿ ವಿಲ್ಸನ್-ಜೋನ್ಸ್ ಅವರಿಗೆ ಇದರಲ್ಲಿ ಭವಿಷ್ಯ ಕಾಣಲಿಲ್ಲ. ಅದು ಅಲ್ಲಿಗೇ ಮುಗಿಯಿತು. ಮತ್ತೆ ಮೂವತ್ತು ವರ್ಷ ಕಳೆದು, 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100ಕ್ಕೆ ಎಲೆಕ್ಟ್ರಾನಿಕ್ ಎಬಿಎಸ್ ಕೊಟ್ಟಿತು. ಆಗ ಅದರ ತೂಕ 11 ಕಿಲೋ ಆಸುಪಾಸು. ಬಾಷ್ ಕಂಪನಿಯ ಒಂಬತ್ತನೇ ಪೀಳಿಗೆಯದು 700 ಗ್ರಾಂ. ನಮ್ಮಲ್ಲಿ ಹೊಸೂರಿನ ಟಿವಿಎಸ್ 2011ರಲ್ಲಿ ಅಪಾಚೆ ಆರ್‌ಟಿಆರ್ 180ಕ್ಕೆ ಇದನ್ನು ಕೊಟ್ಟಾಗ, ಅದು ಶೋಕಿ ಎಂದೇ ಬಹಳ ಜನ ಅಂದುಕೊಂಡರು. ನಾನೂ ಅಂದುಕೊಂಡಿದ್ದೆ.

ಅನುಭವಿಗಳ ಆಕ್ಷೇಪವೊಂದಿದೆ: ಕೈಯಲ್ಲಿ ಹದವಿದ್ದವನಿಗೆ ಎಬಿಎಸ್ ಬೇಡ, ಅವನು ಅದಕ್ಕಿಂತ ಬೇಗ ನಿಲ್ಲಿಸುತ್ತಾನೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಇಂಥ ಕಡೆ ನಿಲ್ಲಿಸಬೇಕೆಂದು ಮೊದಲೇ ಗೊತ್ತಿದ್ದು, ಹತ್ತು ಸಲ ಅಭ್ಯಾಸ ಮಾಡಿದವನ ವಿಷಯದಲ್ಲಿ ಇದು ನಿಜವಿರಬಹುದು. ಆದರೆ ನಾಯಿ ಅಡ್ಡ ಬರುವುದು ಹೇಳಿ ಕೇಳಿ ಅಲ್ಲ. ಬೆಂಗಳೂರಿನಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದು, ರಸ್ತೆಯ ಮೇಲಿನ ಆಯಿಲೂ ದೂಳೂ ಸೇರಿ ಸೋಪಿನ ಹಾಗಾದಾಗ, ಝೀಬ್ರಾ ಪಟ್ಟಿಯ ಬಿಳಿ ಬಣ್ಣದ ಮೇಲೆ ಅರ್ಧ ಚಕ್ರ, ಡಾಂಬರಿನ ಮೇಲೆ ಅರ್ಧ ಚಕ್ರ ಇರುವಾಗ, ಎಷ್ಟು ಹಿಡಿಯಬೇಕೆಂಬ ಹದ ಯಾವ ಕೈಗೂ ಇರುವುದಿಲ್ಲ. ನನ್ನ ನಂಬಿಕೆ ಇಷ್ಟೇ: ಒಳ್ಳೆಯ ಸವಾರನಿಗೆ ಎಬಿಎಸ್ ಬೇಕಾಗುವುದು ವರ್ಷಕ್ಕೆ ಒಂದು ಸಲವೋ ಏನೋ. ಆ ಒಂದು ಸಲ ಯಾವುದೆಂದು ಅವನಿಗೂ ಗೊತ್ತಿಲ್ಲ.

ಅಂಕಿಅಂಶಗಳೂ ಈ ಕಡೆಗೇ ಇವೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್, ಒಂದೇ ಮಾದರಿಯ ಗಾಡಿಗಳನ್ನು ಎಬಿಎಸ್ ಇರುವುದು ಇಲ್ಲದ್ದು ಎಂದು ಬೇರ್ಪಡಿಸಿ ಹೋಲಿಸಿತು. ಎಬಿಎಸ್ ಇರುವವುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಶೇಕಡಾ 22ರಷ್ಟು ಕಡಿಮೆ. ಯುರೋಪಿನ ಇನ್ನೊಂದು ಅಧ್ಯಯನದಲ್ಲಿ, ಜನ ಗಾಯಗೊಂಡ ಅಪಘಾತಗಳು ಇಟಲಿಯಲ್ಲಿ ಶೇಕಡಾ 24, ಸ್ಪೇನಿನಲ್ಲಿ 29, ಸ್ವೀಡನ್ನಿನಲ್ಲಿ 34ರಷ್ಟು ಇಳಿದಿದ್ದವು. ಇವನ್ನು ಹಾಗೆಯೇ ನಮ್ಮೂರಿಗೆ ಹೊತ್ತು ತರುವಂತಿಲ್ಲ. ಅಲ್ಲಿನ ಲೆಕ್ಕ ದೊಡ್ಡ ಗಾಡಿಗಳದ್ದು. ದುಡ್ಡು ಹೆಚ್ಚು ಕೊಟ್ಟು ಎಬಿಎಸ್ ಕೊಳ್ಳುವವನು ಸ್ವಭಾವದಲ್ಲೇ ಹುಷಾರಿನವನಾಗಿರಬಹುದು ಎಂಬ ಅನುಮಾನವೂ ಇದೆ. ಅರ್ಧ ಬಿಟ್ಟು ಹಿಡಿದರೂ, ಕೆಲವು ಸಾವಿರ ರೂಪಾಯಿಯ ವಸ್ತುವಿಗೆ ಇದು ಕಡಿಮೆ ಲಾಭವಲ್ಲ.

ಇನ್ನು ದೋಷಗಳು. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇರುವ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಲಾಕ್ ಆದ ಚಕ್ರವಾದರೆ ಜಲ್ಲಿಯನ್ನು ಗುಡ್ಡೆ ಮಾಡಿಕೊಂಡು ಅದಕ್ಕೇ ತಡೆದು ನಿಲ್ಲುತ್ತಿತ್ತು. ಹಿಮಾಲಯನ್‌ನಂಥ ಗಾಡಿಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಿಕೊಳ್ಳಲು ಸ್ವಿಚ್ ಕೊಟ್ಟಿರುವುದು ಇದಕ್ಕೇ. ಸಾಲಾಗಿ ಹಾಕಿದ ಹಂಪ್ಸುಗಳ ಮೇಲೆ ಬ್ರೇಕ್ ಹಿಡಿದರೆ, ಚಕ್ರ ನೆಲ ಬಿಟ್ಟು ಹಾರಿದ ಕ್ಷಣವನ್ನು ಎಬಿಎಸ್ ಜಾರಿದ್ದೆಂದೇ ತಿಳಿದು ಬ್ರೇಕ್ ಬಿಟ್ಟುಬಿಡುತ್ತದೆ; ಆ ಅರೆಕ್ಷಣ ಬ್ರೇಕೇ ಇಲ್ಲದಂತೆ ಅನಿಸಿ ಹೊಟ್ಟೆ ತಳಮಳಿಸುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಗಾಡಿ ವಾಲಿಸಿಕೊಂಡು ಹೋಗುವಾಗ ಸಾಮಾನ್ಯ ಎಬಿಎಸ್ಸಿಗೆ ಗಾಡಿ ವಾಲಿದೆ ಎಂಬುದೇ ತಿಳಿಯದು. ವಾಲಿದ್ದನ್ನು ಅಳೆದು ಬ್ರೇಕ್ ಹಂಚುವ ಎಬಿಎಸ್ ಕೆಟಿಎಂ 390 ಅಡ್ವೆಂಚರಿನಂಥ ದುಬಾರಿ ಗಾಡಿಗಳಲ್ಲಿದೆ. ಸವೆದು ನುಣುಪಾದ ಟೈರಿಗಂತೂ ಯಾವ ಎಬಿಎಸ್ಸೂ ಹಿಡಿತ ತಂದುಕೊಡುವುದಿಲ್ಲ. ಇಲ್ಲದ ಹಿಡಿತವನ್ನು ಹುಟ್ಟಿಸುವುದು ಅದರ ಕೆಲಸವೇ ಅಲ್ಲ, ಇರುವುದು ಪೋಲಾಗದಂತೆ ನೋಡಿಕೊಳ್ಳುವುದಷ್ಟೇ.

ಸಿಂಗಲ್ ಚಾನೆಲ್, ಡ್ಯುಯಲ್ ಚಾನೆಲ್ ಚರ್ಚೆಯಲ್ಲಿ ನನ್ನ ಒಲವು ಸ್ವಲ್ಪ ಬೇರೆ. ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ ಇರುವುದು ಸಿಂಗಲ್ ಚಾನೆಲ್, ಎರಡಕ್ಕೂ ಇರುವುದು ಡ್ಯುಯಲ್. ಸಿಂಗಲ್ ಚಾನೆಲನ್ನು ಕಣ್ಣಿಗೆ ಮಣ್ಣೆರಚುವ ಕೆಲಸವೆಂದು ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಕೊಲ್ಲುವ ಭಯ ಇದ್ದದ್ದು ಮುಂದಿನ ಚಕ್ರದಲ್ಲಿ; ಅದು ಹೋದರೆ ದೊಡ್ಡ ಪಾಲು ಬಂದಂತೆ. ದುಡ್ಡಿದ್ದರೆ, ಮಲೆನಾಡು ಕರಾವಳಿಯ ಮಳೆಯಲ್ಲಿ ಓಡಾಡುವವರಾದರೆ, ಡ್ಯುಯಲ್ ತೆಗೆದುಕೊಳ್ಳಿ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಎಬಿಎಸ್ ಇರುವ ಗಾಡಿ ಕೊಂಡ ಮೇಲೆ ಅದು ಮೊದಲ ಸಲ ಕೆಲಸ ಮಾಡಿದ್ದು ಒಂದು ಮಳೆಯ ಸಂಜೆ, ಆಟೋ ಒಂದು ಏಕಾಏಕಿ ಎಡಕ್ಕೆ ತಿರುಗಿದಾಗ. ಬೆರಳಡಿಯಲ್ಲಿ ಲಿವರ್ ಟಕಟಕ ಎಂದು ನಡುಗಿತು. ಬ್ರೇಕ್ ಕೆಟ್ಟಿತೆಂದು ಹೆದರಿ ನಾನು ಕೈ ಬಿಟ್ಟೆ! ಆಟೋ ದಾಟಿ ಹೋಗಿತ್ತು, ಬದುಕಿಕೊಂಡೆ. ಆ ನಡುಕವೇ ಎಬಿಎಸ್ ಕೆಲಸ ಮಾಡುತ್ತಿರುವ ಗುರುತು, ಆಗ ಇನ್ನೂ ಬಿಗಿಯಾಗಿ ಹಿಡಿದಿರಬೇಕು ಎಂದು ಗಾಡಿ ಮಾರಿದವರು ಒಂದು ಮಾತು ಹೇಳಿರಲಿಲ್ಲ. ಕವಚ, ಸ್ಟಿಕ್ಕರ್, ಟೆಫ್ಲಾನ್ ಕೋಟಿಂಗ್ ಬಗ್ಗೆ ಅರ್ಧ ಗಂಟೆ ಹೇಳಿದ್ದರು. ಡ್ರೈವಿಂಗ್ ಲೈಸೆನ್ಸಿಗೆ ನಾನು ಎಂಟು ಅಂಕಿಯ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸಿದ್ದೆ. ಬಿರುಸಾಗಿ ನಿಲ್ಲಿಸು ಎಂದು ಯಾರೂ ಕೇಳಲಿಲ್ಲ.

ಆಮೇಲೆ ಮೆಕ್ಯಾನಿಕ್ಕು. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಮೀಟರಿನಲ್ಲಿ ಎಬಿಎಸ್ ದೀಪ ಆರಲೇ ಇಲ್ಲ. ಗಾಡಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆರಬೇಕಾದ ದೀಪ ಅದು. ಸೆನ್ಸರಿಗೆ ಕೆಸರು ಮೆತ್ತಿಕೊಂಡಿತ್ತೆಂದು ಆಮೇಲೆ ತಿಳಿಯಿತು. ನಮ್ಮ ಬೀದಿಯ ಮೆಕ್ಯಾನಿಕ್ ನೋಡಿ, "ಏನಾಗಲ್ಲ ಬಿಡಿ ಸಾರ್, ಕಣ್ಣಿಗೆ ಕಾಣದಂಗೆ ಟೇಪ್ ಹಾಕ್ಬಿಡ್ಲಾ?" ಅಂದ. ದೀಪ ಉರಿಯುತ್ತಿದ್ದರೂ ಬ್ರೇಕ್ ಹಿಡಿಯುತ್ತದೆ, ನಿಜ. ಎಬಿಎಸ್ ಮಾತ್ರ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು, ಅದು ಗಾಳಿಯಲ್ಲಿನ ತೇವ ಹೀರಿಕೊಂಡು ಕೆಡುತ್ತದೆ ಎನ್ನುವುದನ್ನೂ ನಾನೇ ಕೈಪಿಡಿ ಓದಿ ತಿಳಿದುಕೊಳ್ಳಬೇಕಾಯಿತು.

ಕಾನೂನಿನ ವಿಷಯಕ್ಕೆ ಬಂದರೆ, 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಹಳೆಯ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. 125ರವರೆಗಿನವಕ್ಕೆ, ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಂಚುವ ಸಿಬಿಎಸ್ ಇದ್ದರೆ ಸಾಕು ಎಂದರು. ಸಿಬಿಎಸ್ ಕೆಟ್ಟದ್ದಲ್ಲ, ಕಾಲಿನಲ್ಲೇ ನಿಲ್ಲಿಸುವವರಿಗೂ ಮುಂದಿನ ಬ್ರೇಕಿನ ಸ್ವಲ್ಪ ಪಾಲು ಒದಗಿಸುತ್ತದೆ. ಆದರೆ ಚಕ್ರ ಲಾಕ್ ಆಗುವುದನ್ನು ಅದು ತಡೆಯದು. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವ ಸ್ಪ್ಲೆಂಡರ್, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೋಗುವ ಆಕ್ಟಿವಾ, ಎರಡೂ ಈ ಗೆರೆಯ ಕೆಳಗಿವೆ. ಶೋಕಿಗೆ ಓಡಿಸುವವನಿಗೆ ರಕ್ಷಣೆ, ಹೊಟ್ಟೆಪಾಡಿಗೆ ಓಡಿಸುವವನಿಗೆ ಅದರ ತುಣುಕು. ಎಲ್ಲ ದ್ವಿಚಕ್ರ ವಾಹನಗಳಿಗೂ ಎಬಿಎಸ್ ಇರಬೇಕೆಂಬ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಹೊರಡಿಸಿದಾಗ, ಬೆಲೆ ಏರುತ್ತದೆ ಎಂಬ ಕೂಗೆದ್ದಿತು. ಏರುತ್ತದೆ, ಸರಿ. ಡ್ರಮ್ ಬ್ರೇಕಿನ ಗಾಡಿಗೆ ಎಬಿಎಸ್ ಬೇಕೆಂದರೆ ಮೊದಲು ಡಿಸ್ಕ್ ಹಾಕಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದ ಮೇಲಿದ್ದವರು. ಕೂಗೆಬ್ಬಿಸಿದವರು ಈ ಅಂಕಿಯನ್ನೂ ಆನ್‌ರೋಡ್ ಬೆಲೆಯ ಪಕ್ಕದಲ್ಲಿ ಬರೆದುಕೊಂಡು ಲೆಕ್ಕ ಹಾಕಲಿ.

ಎಬಿಎಸ್ ಇರುವ ಗಾಡಿ ಈಗಾಗಲೇ ನಿಮ್ಮ ಮನೆ ಮುಂದೆ ನಿಂತಿದ್ದರೆ ಒಂದು ಕೆಲಸ ಮಾಡಿ. ಭಾನುವಾರ ಬೆಳಿಗ್ಗೆ, ವಾಹನಗಳಿಲ್ಲದ ನೇರ ರಸ್ತೆ ಅಥವಾ ಮೈದಾನ ನೋಡಿಕೊಳ್ಳಿ. ಹೆಲ್ಮೆಟ್ ಇರಲಿ, ನೆಲ ಒಣಗಿರಲಿ. ಹ್ಯಾಂಡಲ್ ನೆಟ್ಟಗಿಟ್ಟು, 30ರ ವೇಗದಿಂದ ಶುರು ಮಾಡಿ, ಮುಂದಿನ ಬ್ರೇಕನ್ನು ಪ್ರತಿ ಸಲವೂ ಮೊದಲಿಗಿಂತ ಸ್ವಲ್ಪ ಬಿಗಿಯಾಗಿ ಹಿಡಿಯುತ್ತ ಹೋಗಿ. ಲಿವರ್ ನಡುಗಿದಾಗ ಕೈ ಬಿಡಬೇಡಿ.