ಗಾಸಿಪ್‌ನ ಕುಲೀನ ಮನೆತನ

ಸಿನಿಮಾ ಪುಟಗಳ ‘ಗಾಸಿಪ್’ ಚರ್ಚಿನ ನಂಟಿನಿಂದ ಬಂದ ಪದವೆಂದರೆ ನಂಬುವುದು ಕಷ್ಟ. ಹಳೆಯ ಇಂಗ್ಲಿಷಿನಲ್ಲಿ ಅದು ‘ಗಾಡ್‌ಸಿಬ್’. ಗಾಡ್ ಎಂದರೆ ದೇವರು, ಸಿಬ್ ಎಂದರೆ ನೆಂಟ. ‘ಸಿಬ್ಲಿಂಗ್’ನಲ್ಲಿರುವುದೂ ಇದೇ ಸಿಬ್. ಮಗುವಿನ ದೀಕ್ಷಾಸ್ನಾನದಲ್ಲಿ ಹೊಣೆ ಹೊತ್ತು ನಿಂತವರು ಆ ಮನೆಗೆ ದೇವರ ಲೆಕ್ಕದ ಬಂಧುಗಳು. ರಕ್ತಸಂಬಂಧ ಇಲ್ಲದಿದ್ದರೂ ಮಗುವಿನ ತಂದೆತಾಯಿಯೊಂದಿಗೆ ಅವರ ಮದುವೆಯನ್ನು ಮಧ್ಯಯುಗದ ಚರ್ಚು ಒಪ್ಪುತ್ತಿರಲಿಲ್ಲ. ನಂಟು ಅಷ್ಟು ಗಟ್ಟಿ!

ಆಮೇಲೆ ಅರ್ಥ ಸಡಿಲವಾಯಿತು.

ಆಪ್ತರೆಲ್ಲ ಗಾಸಿಪ್‌ಗಳಾದರು, ಅದರಲ್ಲೂ ಹೆರಿಗೆಗೆ ನೆರವಾಗಲು ಬಂದ ಹೆಂಗಸರು. ಮುಚ್ಚಿದ ಕಿಟಕಿ, ಮಸಾಲೆ ಬೆರೆಸಿದ ಬಿಸಿ ಪಾನೀಯ, ಗಂಡಸರಿಗೆ ಪ್ರವೇಶವಿಲ್ಲ. ಒಳಗೆ ಏನೇನು ಮಾತಾಡಿದರೋ ಎಂಬ ಹೊರಗಿನವರ ಶಂಕೆಯೇ ಪದದ ಮಾನ ಕಳೆದಿರಬೇಕು. 16ನೇ ಶತಮಾನದಲ್ಲಿ ಗಾಸಿಪ್ ಎಂದರೆ ಬಾಯಿಬಡುಕಿ. 19ರಲ್ಲಿ ಅವಳ ಮಾತೇ ಗಾಸಿಪ್. ಷೇಕ್ಸ್‌ಪಿಯರ್ ಮಾತ್ರ ‘ಕಾಮೆಡಿ ಆಫ್ ಎರರ್ಸ್’ನ ಕೊನೆಗೆ ಎಲ್ಲರನ್ನೂ ಗಾಸಿಪ್‌ಗಳ ಔತಣಕ್ಕೆ ಕರೆಸುತ್ತಾನೆ, ಹಳೆಯ ಮರ್ಯಾದೆಯಿಂದಲೇ.